ವೇಸೈಡ್ ಇನ್, ಸಡ್‌ಬರಿ

ವೇಸೈಡ್ ಇನ್ ಅಮೆರಿಕ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ರಾಜ್ಯದ ಸಡ್‌ಬರಿ ಎಂಬ ಊರಿನಲ್ಲಿ, ಬಾಸ್ಟನ್ ನಗರದಿಂದ ಪಶ್ಚಿಮಕ್ಕೆ ಸುಮಾರು 32 ಕಿಲೋಮೀಟರ್ ದೂರದಲ್ಲಿ, ಹಳೆಯ ಅಂಚೆ ರಸ್ತೆಯ ಬದಿಯಲ್ಲಿರುವ ಐತಿಹಾಸಿಕ ವಸತಿಗೃಹ. 18ನೆಯ ಶತಮಾನದ ಆರಂಭದಲ್ಲಿ ಎರಡೇ ಕೋಣೆಗಳ ಒಕ್ಕಲುಮನೆಯಾಗಿ ಹುಟ್ಟಿ, 1716ರಲ್ಲಿ ದಾರಿಹೋಕರಿಗೆ ಊಟ, ಪಾನೀಯ, ಹಾಸಿಗೆಗಳನ್ನು ಒದಗಿಸುವ ಪರವಾನಗಿ ಪಡೆದ ಈ ಮನೆ, ಒಂದೇ ಕುಟುಂಬದ ನಾಲ್ಕು ತಲೆಮಾರುಗಳ ಕೈಯಲ್ಲಿ ಬೆಳೆದು, ಕವಿ ಹೆನ್ರಿ ವಾಡ್ಸ್‌ವರ್ತ್ ಲಾಂಗ್‌ಫೆಲೋನ ಕಥನಕಾವ್ಯದಿಂದ ಹೊಸ ಹೆಸರು ಪಡೆದು, ಮೋಟಾರು ತಯಾರಕ ಹೆನ್ರಿ ಫೋರ್ಡ್‌ನ ಒಡೆತನದಲ್ಲಿ ಒಂದು ಹಳ್ಳಿಯ ಸ್ವರೂಪವನ್ನೇ ತಾಳಿ, ಬೆಂಕಿಗೆ ತುತ್ತಾಗಿ ಮತ್ತೆ ಕಟ್ಟಲ್ಪಟ್ಟು ಇಂದಿಗೂ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದೆ. ಹೌ ಟ್ಯಾವರ್ನ್, ರೆಡ್ ಹಾರ್ಸ್ ಟ್ಯಾವರ್ನ್, ಲಾಂಗ್‌ಫೆಲೋನ ವೇಸೈಡ್ ಇನ್ ಎಂದು ಬೇರೆ ಬೇರೆ ಕಾಲಗಳಲ್ಲಿ ಕರೆಸಿಕೊಂಡ ಈ ಕಟ್ಟಡದ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಕವಿಯ ಮೇಲೂ ಕೋಟ್ಯಧೀಶನ ಮೇಲೂ ಕಣ್ಣಿಟ್ಟಿದ್ದಾರೆ. ಆದರೆ ಮನೆಯನ್ನು ಮೂರು ಶತಮಾನ ಕಾಲ ಹಿಡಿದು ನಿಲ್ಲಿಸಿದುದು ಅದರ ಸುತ್ತಲಿನ ಹೊಲವೆಂಬುದು ದಾಖಲೆಗಳನ್ನು ಸಾಲಾಗಿ ನೋಡಿದಾಗ ತಿಳಿಯುತ್ತದೆ.

ಇಲ್ಲಿ ಬಳಕೆಯಾಗುವ ಎರಡು ಪದಗಳನ್ನು ಮೊದಲು ಬಿಡಿಸಿಕೊಳ್ಳುವುದು ಅಗತ್ಯ. ‘ಇನ್’ ಎಂದರೆ ಪ್ರಯಾಣಿಕರು ಹಣ ಕೊಟ್ಟು ರಾತ್ರಿ ತಂಗುವ ಮನೆ. ‘ಟ್ಯಾವರ್ನ್’ ಎಂದರೆ ಮುಖ್ಯವಾಗಿ ಮದ್ಯಪಾನೀಯಗಳನ್ನು ಮಾರುವ ಮನೆ. ಇಂಗ್ಲೆಂಡಿನಲ್ಲಿ ಇವೆರಡಕ್ಕೂ ಒಂದಿಷ್ಟು ಅಂತರವಿದ್ದರೂ ಅಮೆರಿಕದ ವಸಾಹತುಗಳಲ್ಲಿ ಒಂದೇ ಸೂರಿನಡಿ ಎರಡೂ ಕೆಲಸ ನಡೆಯುತ್ತಿದ್ದುದರಿಂದ ಪದಗಳು ಬೆರೆತುಹೋದವು. ಕನ್ನಡನಾಡಿನ ಛತ್ರಗಳೊಡನೆ ಇವನ್ನು ಹೋಲಿಸುವುದು ಸಹಜವಾದರೂ ಹೋಲಿಕೆ ದೂರದವರೆಗೆ ಸಾಗುವುದಿಲ್ಲ: ಛತ್ರ ದಾನಿಯೊಬ್ಬನ ದತ್ತಿಯಿಂದ ಪುಣ್ಯಾರ್ಥವಾಗಿ ನಡೆಯುವಂಥದು, ಇನ್ ಎಂಬುದು ಮನೆಯೊಡೆಯನೊಬ್ಬ ತನ್ನ ಸಂಸಾರದ ನಡುವೆಯೇ ಹೊಟ್ಟೆಪಾಡಿಗಾಗಿ ನಡೆಸುವಂಥದು. ಅಪರಿಚಿತರಿಗೆ ಬಾಗಿಲು ತೆರೆದಿಡಬೇಕೆಂಬ ಸಾರ್ವಜನಿಕ ಹೊಣೆ ಮಾತ್ರ ಎರಡಕ್ಕೂ ಸಮಾನ.

ಆ ಹೊಣೆಯನ್ನು ಮ್ಯಾಸಚೂಸೆಟ್ಸ್ ವಸಾಹತು ಕಾನೂನಿನ ಮೂಲಕವೇ ಹೊರಿಸಿತ್ತು. ಪ್ರತಿ ಊರಿನಲ್ಲಿಯೂ ದಾರಿಹೋಕರಿಗೆ ಊಟ ಮತ್ತು ತಂಗುವ ಏರ್ಪಾಡು ಇರಬೇಕೆಂದು 17ನೆಯ ಶತಮಾನದ ನಡುವಿನಲ್ಲಿಯೇ ಅಲ್ಲಿಯ ಶಾಸನಸಭೆ ವಿಧಿಸಿತು. ಇಂಥ ಮನೆಯನ್ನು ಇರಿಸದ ಊರು ದಂಡಕ್ಕೆ ಗುರಿಯಾಗಬಹುದಾಗಿತ್ತು. ಹಾಗೆಂದು ಯಾರು ಬೇಕಾದರೂ ಬಾಗಿಲು ತೆರೆಯುವಂತಿರಲಿಲ್ಲ. ಊರಿನ ಆಡಳಿತಗಾರರ ಒಪ್ಪಿಗೆಯೊಡನೆ ಜಿಲ್ಲಾ ನ್ಯಾಯಾಲಯದಿಂದ ಪರವಾನಗಿ ಪಡೆಯಬೇಕಾಗಿತ್ತು. ಕುದುರೆಗಳಿಗೆ ಲಾಯವನ್ನೂ ಮೇವನ್ನೂ ಸಿದ್ಧವಿಡಬೇಕಾಗಿತ್ತು. ಜೂಜಿಗೂ ಮಿತಿಮೀರಿದ ಕುಡಿತಕ್ಕೂ ಅವಕಾಶ ಕೊಡಬಾರದಾಗಿತ್ತು. ಧಾರ್ಮಿಕ ನಿಷ್ಠುರತೆಗೆ ಹೆಸರಾದ ಪ್ಯೂರಿಟನ್ ಸಮಾಜದಲ್ಲಿ, ಮನೆತನವೂ ನಡತೆಯೂ ನೆಟ್ಟಗಿದ್ದು ನಾಲ್ಕು ಮಂದಿಗೆ ಉಣಬಡಿಸಿಯೂ ಮಿಗುವಷ್ಟು ಬೆಳೆ ಇದ್ದವನಿಗೇ ಇಂಥ ಪರವಾನಗಿ ದೊರೆಯುತ್ತಿತ್ತು. ಒಕ್ಕಲುಮನೆಗಳೇ ವಸತಿಗೃಹಗಳಾದುದಕ್ಕೆ ಕಾರಣ ಇದರಲ್ಲಿಯೇ ಇದೆ. ಮಾರುಕಟ್ಟೆಯಿಂದ ದಿನವೂ ಸಾಮಾನು ತರಿಸಿ ಹೋಟೆಲು ನಡೆಸುವ ಸೌಕರ್ಯ ಇಲ್ಲದ ಕಾಲದಲ್ಲಿ, ಅತಿಥಿಯ ತಟ್ಟೆಗೆ ಬೀಳುವ ಮಾಂಸವೂ ರೊಟ್ಟಿಯೂ, ಬಟ್ಟಲಿಗೆ ಬೀಳುವ ಸೇಬಿನ ರಸದ ಸೈಡರ್ ಎಂಬ ಪಾನೀಯವೂ, ಅವನ ಕುದುರೆಗೆ ಬೇಕಾದ ಹುಲ್ಲೂ ಓಟ್ಸೂ ಆ ಮನೆಯ ಹೊಲ, ತೋಟ, ಕೊಟ್ಟಿಗೆಗಳಿಂದಲೇ ಬರಬೇಕಾಗಿತ್ತು.

ಸಡ್‌ಬರಿ 1639ರಲ್ಲಿ ಊರೆಂದು ಮಾನ್ಯತೆ ಪಡೆದ ಇಂಗ್ಲಿಷ್ ನೆಲಸು. ಅದಕ್ಕೂ ಮೊದಲು ಮತ್ತು ಅನಂತರ ಬಹಳ ಕಾಲ ಈ ನೆಲ ಮೂಲನಿವಾಸಿಗಳದಾಗಿತ್ತು. ನೆಲಕ್ಕಾಗಿ ನಡೆದ ತಿಕ್ಕಾಟ, ಮೂಲನಿವಾಸಿಗಳ ನಾಯಕನ ಹೆಸರಿನಿಂದ ಕಿಂಗ್ ಫಿಲಿಪ್‌ನ ಯುದ್ಧವೆಂದು ಕರೆಯಲಾಗುವ ಭೀಕರ ಕದನದಲ್ಲಿ ಸ್ಫೋಟಗೊಂಡು, 1676ರ ಏಪ್ರಿಲ್‌ನಲ್ಲಿ ಸಡ್‌ಬರಿಯೇ ರಣರಂಗವಾಯಿತು. ಮೂಲನಿವಾಸಿಗಳ ಸೋಲಿನ ಬಳಿಕ ಊರಿನ ಅಂಚಿನ ಕಾಡುಭೂಮಿ ವಲಸಿಗರ ಎರಡನೆಯ ಮತ್ತು ಮೂರನೆಯ ತಲೆಮಾರಿಗೆ ಹಂಚಿಹೋಯಿತು. ವೇಸೈಡ್ ಇನ್ ನಿಂತಿರುವ ನೆಲದ ಚರಿತ್ರೆ 1716ರಿಂದಲ್ಲ, ಈ ಹಂಚಿಕೆಯಿಂದ ಆರಂಭವಾಗುತ್ತದೆಂಬುದನ್ನು ಮರೆಯುವಂತಿಲ್ಲ.

ಹೌ ಕುಟುಂಬ ಹೀಗೆ ನೆಲೆಯೂರಿದ ಮನೆತನಗಳಲ್ಲಿ ಒಂದು. ನೆರೆಯ ಮಾರ್ಲ್‌ಬರೋದಲ್ಲಿ ಅಜ್ಜ ಜಾನ್ ಹೌ ಪ್ರಯಾಣಿಕರಿಗೆ ವಸತಿ ನೀಡುತ್ತಿದ್ದವನು. ತಂದೆ ಸ್ಯಾಮ್ಯುಯೆಲ್ ಹೌ ಸಡ್‌ಬರಿಯಲ್ಲಿ ಭೂಮಿ ಹೊಂದಿದ್ದವನು. ಸ್ಯಾಮ್ಯುಯೆಲ್ ತನ್ನ ಮಗ ಡೇವಿಡ್‌ಗೆ 1702ರಲ್ಲಿ ಬಿಟ್ಟುಕೊಟ್ಟ ನೆಲದಲ್ಲಿ ಎದ್ದ ಮನೆಯೇ ಇಂದಿನ ಕಟ್ಟಡದ ಬೀಜ. ಅದು ನೆಲದ ಮೇಲೊಂದು, ಅದರ ಮೇಲೊಂದು ಹೀಗೆ ಎರಡು ಕೋಣೆಗಳ ಮನೆಯಾಗಿತ್ತು. ದಪ್ಪ ಮರದ ಕಂಬ ಮತ್ತು ತೊಲೆಗಳನ್ನು ಕೀಲುಗಳಿಂದ ಜೋಡಿಸಿ ಚೌಕಟ್ಟು ನಿಲ್ಲಿಸಿ, ಹೊರಗೆ ಹಲಗೆ ಹೊದಿಸಿ, ಒಂದು ಬದಿಗೆ ಇಟ್ಟಿಗೆ ಕಲ್ಲುಗಳ ಭಾರಿ ಹೊಗೆಗೂಡು ಕಟ್ಟುವುದು ನ್ಯೂ ಇಂಗ್ಲೆಂಡ್ ಪ್ರಾಂತದ ಅಂದಿನ ಪದ್ಧತಿ. ಕೆಳಗಿನ ಕೋಣೆಯಲ್ಲಿ ಅಡುಗೆ, ಊಟ, ನೂಲು, ಹೊಲಿಗೆ, ಚಳಿಗಾಲದ ರಾತ್ರಿಯ ನಿದ್ರೆ ಎಲ್ಲವೂ ಒಂದೇ ಒಲೆಯ ಸುತ್ತ ನಡೆಯುತ್ತಿದ್ದವು. ಇಂಥ ಮನೆಗೆ ಸಂಸಾರ ಬೆಳೆದಂತೆ ಹೊಗೆಗೂಡಿನ ಇನ್ನೊಂದು ಬದಿಗೆ ಮತ್ತೊಂದು ಜೋಡಿ ಕೋಣೆ ಸೇರಿಸುವುದು ಸುಲಭ. ಡೇವಿಡ್‌ನ ಮನೆಯೂ ಹಾಗೆಯೇ ಹಿಗ್ಗಿತು.

ಆ ಮನೆಯ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದ ದಾರಿ ಅದರ ಹಣೆಬರಹವನ್ನು ಬದಲಿಸಿತು. ನ್ಯೂಯಾರ್ಕ್ ಮತ್ತು ಬಾಸ್ಟನ್‌ಗಳ ನಡುವೆ 1673ರಲ್ಲಿ ಕುದುರೆ ಸವಾರನ ಮೂಲಕ ಮೊದಲ ಅಂಚೆ ಸಾಗಿದಾಗಿನಿಂದ, ಮೂಲನಿವಾಸಿಗಳ ಕಾಲುಹಾದಿಗಳನ್ನೇ ಅಗಲಿಸಿ ಮಾಡಿದ ದಾರಿಗಳು ಬಾಸ್ಟನ್ ಅಂಚೆ ರಸ್ತೆ ಎಂಬ ಹೆಸರು ಪಡೆದವು. ಅವುಗಳಲ್ಲಿ ಮೇಲಿನ ದಾರಿ ಸಡ್‌ಬರಿ, ಮಾರ್ಲ್‌ಬರೋ, ವುಸ್ಟರ್‌ಗಳ ಮೂಲಕ ಪಶ್ಚಿಮಕ್ಕೆ ಸಾಗುತ್ತಿತ್ತು. ಬೆಳಿಗ್ಗೆ ಬಾಸ್ಟನ್ ಬಿಟ್ಟು ಕೆಟ್ಟ ದಾರಿಯಲ್ಲಿ ಕುದುರೆಯನ್ನೋ ಗಾಡಿಯನ್ನೋ ನಡೆಸಿಕೊಂಡು ಬಂದವನಿಗೆ 32 ಕಿಲೋಮೀಟರಿನ ಈ ದೂರದಲ್ಲಿ ಕತ್ತಲಾಗುವುದು ಅಸಹಜವಲ್ಲ. ಕುಟುಂಬ ದೊಡ್ಡದಾಗಿ ಖರ್ಚು ಬೆಳೆಯುತ್ತಿದ್ದ ಡೇವಿಡ್ 1716ರಲ್ಲಿ ಪರವಾನಗಿ ಪಡೆದು, ತನ್ನ ಮನೆಯನ್ನು ಪ್ರಯಾಣಿಕರಿಗೆ ತೆರೆದನು. ಕಟ್ಟಡಕ್ಕೆ ಆ ದಿನ ಹೊಸದಾಗಿ ಏನನ್ನೂ ಸೇರಿಸಬೇಕಾಗಿರಲಿಲ್ಲ. ಕೆಳಗಿನ ಕೋಣೆಯೇ ಪಾನೀಯ ಮಾರುವ ಕೋಣೆಯಾಯಿತು, ಮೇಲಿನ ಕೋಣೆಯೇ ಅತಿಥಿಗಳ ಮಲಗುವ ಕೋಣೆಯಾಯಿತು, ಒಡೆಯನ ಹೆಂಡತಿ ಮಕ್ಕಳು ಆಳುಗಳು ಕೆಲಸದವರಾದರು. ಆದ್ದರಿಂದ ಒಕ್ಕಲುಮನೆ ವಸತಿಗೃಹವಾಗಿ ‘ಪರಿವರ್ತನೆ’ಗೊಂಡಿತೆಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಬೇಸಾಯ ನಿಂತು ವ್ಯಾಪಾರ ತೊಡಗಲಿಲ್ಲ. ಬೇಸಾಯದ ಫಸಲನ್ನು ಸಂತೆಗೆ ಒಯ್ಯುವ ಬದಲು ಸಂತೆಗೆ ಹೋಗುವವರೇ ಮನೆಗೆ ಬಂದು ಉಂಡು ಹಣ ಕೊಡುವ ಏರ್ಪಾಡು ಅದಾಗಿತ್ತು.

ಪಾನೀಯ ಮಾರುವ ಹಳೆಯ ಕೋಣೆ ಇಡೀ ಮನೆಯಲ್ಲಿ ಅತ್ಯಂತ ಅರ್ಥಪೂರ್ಣವಾದ ಭಾಗ. ತಗ್ಗು ಮಾಡು, ಹೊಗೆ ಹಿಡಿದು ಕಪ್ಪಾದ ತೊಲೆಗಳು, ಅಗಲವಾದ ಅಗ್ಗಿಷ್ಟಿಕೆ, ಮೂಲೆಯಲ್ಲಿ ಮರದ ಕಟಾಂಜನ ಇಳಿಬಿಟ್ಟು ಬೀಗ ಹಾಕಬಹುದಾದ ಸಣ್ಣ ಕಟ್ಟೆ ಇವು ವಸಾಹತು ಕಾಲದ ಟ್ಯಾವರ್ನ್‌ನ ಲಕ್ಷಣಗಳು. ರಾತ್ರಿ ವ್ಯಾಪಾರ ಮುಗಿದ ಮೇಲೆ ರಮ್ ಪೀಪಾಯಿಗಳನ್ನು ಕಾಯಲು ಆ ಕಟಾಂಜನವೇ ಸಾಕಾಗುತ್ತಿತ್ತು. ಬಿಯರ್‌ಗೆ ರಮ್ಮನ್ನೂ ಸಕ್ಕರೆಯನ್ನೂ ಬೆರೆಸಿ, ಕೆಂಪಗೆ ಕಾದ ಕಬ್ಬಿಣದ ಸಲಾಕೆಯನ್ನು ಅದರಲ್ಲಿ ಅದ್ದಿ ನೊರೆಯೆಬ್ಬಿಸುವ ‘ಫ್ಲಿಪ್’ ಎಂಬ ಪಾನೀಯ ನ್ಯೂ ಇಂಗ್ಲೆಂಡಿನ ಇಂಥ ಮನೆಗಳಲ್ಲಿ ಚಳಿಗಾಲದ ಮುಖ್ಯ ಆಕರ್ಷಣೆಯಾಗಿತ್ತು. ಊಟ ಮನೆಮಂದಿ ಉಣ್ಣುತ್ತಿದ್ದುದೇ: ಮೆಕ್ಕೆಜೋಳ ಮತ್ತು ರೈ ಧಾನ್ಯದ ಹಿಟ್ಟು ಬೆರೆಸಿ ಒಲೆಯ ಗೋಡೆಯೊಳಗಿನ ಗೂಡಿನಲ್ಲಿ ಬೇಯಿಸಿದ ರೊಟ್ಟಿ, ಉಪ್ಪುಹಾಕಿದ ಹಂದಿಮಾಂಸ, ಹುರುಳಿಕಾಯಿಯ ಜಾತಿಯ ಒಣಕಾಳು, ಕುಂಬಳ. ಹಾಸಿಗೆಯನ್ನು ಅಪರಿಚಿತರೊಡನೆ ಹಂಚಿಕೊಳ್ಳುವುದು ಅಂದಿನ ವಾಡಿಕೆ. ಪೂರ್ತಿ ಹಾಸಿಗೆ ತನಗೊಬ್ಬನಿಗೇ ಬೇಕೆನ್ನುವ ಪ್ರಯಾಣಿಕ ಅಪರೂಪದವನಾಗಿದ್ದನು. ಪತ್ರಿಕೆಗಳು ವಿರಳವಾಗಿದ್ದ ಆ ಕಾಲದಲ್ಲಿ ದಾರಿಹೋಕನ ಬಾಯಿಯಿಂದಲೇ ಸುದ್ದಿ ಊರಿಗೆ ಮುಟ್ಟುತ್ತಿದ್ದುದರಿಂದ, ಅಗ್ಗಿಷ್ಟಿಕೆಯ ಸುತ್ತ ಅತಿಥಿಗಳ ಜೊತೆಗೆ ಊರವರೂ ಸೇರುತ್ತಿದ್ದರು. ನಮ್ಮ ಹಳ್ಳಿಗಳ ಅರಳಿಕಟ್ಟೆ ಮಾಡುವ ಕೆಲಸವನ್ನು ಅಲ್ಲಿ ಈ ಕೋಣೆ ಮಾಡುತ್ತಿತ್ತು.

1740ರ ದಶಕದಲ್ಲಿ ಮನೆಯ ಹೊಣೆ ಡೇವಿಡ್‌ನ ಮಗ ಎಜೀಕಿಯೆಲ್ ಹೌನ ಕೈಗೆ ಬಂದಿತು. ಕೆಂಪು ಕುದುರೆಯ ಚಿತ್ರವುಳ್ಳ ಹಲಗೆಯನ್ನು ತೂಗುಹಾಕಿ ಮನೆಗೆ ‘ರೆಡ್ ಹಾರ್ಸ್’ ಎಂಬ ಹೆಸರನ್ನು ರೂಢಿಗೆ ತಂದವನು ಈತ. ಓದು ಬಾರದ ಪ್ರಯಾಣಿಕರೂ ಗುರುತಿಸಬಲ್ಲ ಚಿತ್ರಫಲಕ ಅಂದಿನ ವಸತಿಗೃಹಕ್ಕೆ ಹೆಸರಿಗಿಂತಲೂ ಮುಖ್ಯವಾಗಿತ್ತು. ಎರಡು ಇಳಿಜಾರುಗಳಲ್ಲಿ ಮುರಿದಂತೆ ಬಾಗಿ, ಅಟ್ಟದಲ್ಲಿಯೂ ನಿಂತು ಓಡಾಡುವಷ್ಟು ಜಾಗ ಕೊಡುವ ‘ಗ್ಯಾಂಬ್ರೆಲ್’ ಮಾಡು ಮನೆಗೆ ಬಂದುದು 18ನೆಯ ಶತಮಾನದ ವಿಸ್ತರಣೆಗಳ ಫಲ. ಎಜೀಕಿಯೆಲ್ ಊರಿನ ಪಡೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಕೂಡ ಆಗಿದ್ದನು. 1775ರ ಏಪ್ರಿಲ್ 19ರಂದು ಬ್ರಿಟಿಷ್ ಸೈನ್ಯ ಕಾಂಕರ್ಡ್‌ಗೆ ನುಗ್ಗಿದ ಸುದ್ದಿ ತಲುಪಿದಾಗ ಸಡ್‌ಬರಿಯ ಒಕ್ಕಲುಗಳೊಡನೆ ಆತ ಕಾಂಕರ್ಡ್‌ಗೆ ನಡೆದನು. ಅಮೆರಿಕದ ಸ್ವಾತಂತ್ರ್ಯಯುದ್ಧದ ಮೊದಲ ದಿನದಲ್ಲಿ ಈ ಮನೆಯ ಒಡೆಯನಿಗೂ ಹೀಗೆ ಪಾಲು ಸಂದಿದೆ. ಟ್ಯಾವರ್ನ್ ನಡೆಸುವವನು ಸೇನಾಧಿಕಾರಿಯಾಗುವುದು ಅಲ್ಲಿ ವಿಚಿತ್ರವೆನಿಸುತ್ತಿರಲಿಲ್ಲ. ಊರಿನಲ್ಲಿ ಎಲ್ಲರನ್ನೂ ಬಲ್ಲವನು, ಎಲ್ಲ ಸುದ್ದಿಯನ್ನೂ ಮೊದಲು ಕೇಳುವವನು ಅವನೇ ಆಗಿದ್ದನು.

ಯುದ್ಧಾನಂತರದ ಅರ್ಧಶತಮಾನ ಈ ಮನೆಯ ತುಂಬುಗಾಲ. 1783ರಲ್ಲಿ ಲೆವಿ ಪೀಸ್ ಎಂಬಾತ ಬಾಸ್ಟನ್ ಮತ್ತು ಹಾರ್ಟ್‌ಫರ್ಡ್‌ಗಳ ನಡುವೆ ಕುದುರೆಗಳನ್ನು ನಿಲ್ದಾಣದಿಂದ ನಿಲ್ದಾಣಕ್ಕೆ ಬದಲಿಸುತ್ತ ಸಾಗುವ ಪ್ರಯಾಣಿಕರ ಬಂಡಿಯನ್ನು, ಎಂದರೆ ಸ್ಟೇಜ್‌ಕೋಚನ್ನು, ಓಡಿಸತೊಡಗಿದ ಮೇಲೆ ಅಂಚೆ ರಸ್ತೆಯ ಸಂಚಾರ ಬೆಳೆಯಿತು. ಎಜೀಕಿಯೆಲ್‌ನ ಬಳಿಕ 1796ರಿಂದ ಮನೆ ನಡೆಸಿದ ಮಗ ಆಡಮ್ ಹೌನ ಕಾಲದಲ್ಲಿ ಬಂಡಿಯ ಪ್ರಯಾಣಿಕರ ಜೊತೆಗೆ ಸರಕಿನ ಗಾಡಿಯವರೂ, ಬಾಸ್ಟನ್ ಬಳಿಯ ಬ್ರೈಟನ್ ದನದ ಸಂತೆಗೆ ಮಂದೆ ಹೊಡೆದುಕೊಂಡು ಹೋಗುವವರೂ ಇಲ್ಲಿ ತಂಗುತ್ತಿದ್ದರು. ಮಂದೆ ಹೊಡೆಯುವವರಿಗೆ ಕೊಡುವ ಜಾಗ ಬೇರೆ, ಬಂಡಿಯಲ್ಲಿ ಬಂದವರಿಗೆ ಕೊಡುವ ಕೋಣೆ ಬೇರೆ. ದನಗಳಿಗೆ ರಾತ್ರಿಯ ಹುಲ್ಲುಗಾವಲು ಮನೆಯ ಹೊಲದಲ್ಲಿಯೇ. ಅತಿಥಿಗಳ ಹಣದಷ್ಟೇ ಅವರ ದನ ಕುದುರೆಗಳ ಗೊಬ್ಬರವೂ ಮುಂದಿನ ವರ್ಷದ ಫಸಲಿಗೆ ಬೇಕಾದ ಆದಾಯವಾಗಿತ್ತು ಎಂಬುದನ್ನು ಬೇಸಾಯ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದೇ ಸುಮಾರಿಗೆ ಮನೆಗೆ ಒಂದು ನೃತ್ಯಶಾಲೆ ಕೂಡ ಸೇರಿ, ಸುತ್ತಲಿನ ಊರುಗಳ ಯುವಜನರ ಕೂಟಗಳಿಗೆ ಅದು ನೆಲೆಯಾಯಿತು.

ದಾರಿ ತಂದುದನ್ನು ದಾರಿಯೇ ಕಿತ್ತುಕೊಂಡಿತು. 19ನೆಯ ಶತಮಾನದ ಮೊದಲ ದಶಕದಲ್ಲಿ ಬಾಸ್ಟನ್‌ನಿಂದ ವುಸ್ಟರ್‌ಗೆ ನೇರವಾದ ಸುಂಕದ ರಸ್ತೆ ತೆರೆಯಿತು. 1835ರಲ್ಲಿ ಬಾಸ್ಟನ್ ವುಸ್ಟರ್ ರೈಲುಮಾರ್ಗ ಪೂರ್ತಿಯಾಯಿತು. ಎರಡೂ ಸಡ್‌ಬರಿಯ ದಕ್ಷಿಣಕ್ಕೆ ದೂರದಲ್ಲಿ ಹಾದುಹೋದುದರಿಂದ, ಒಂದು ದಿನದ ಪ್ರಯಾಣ ಕೆಲವೇ ಗಂಟೆಗಳದಾಗಿ, ನಡುದಾರಿಯಲ್ಲಿ ಮಲಗಬೇಕಾದ ಅಗತ್ಯವೇ ಇಲ್ಲದಾಯಿತು. 1830ರ ದಶಕದಲ್ಲಿ ಮನೆಯ ಒಡೆಯನಾದ ಲೈಮನ್ ಹೌ ಈ ಇಳಿಗಾಲದ ಮನುಷ್ಯ. ಸ್ಥಳೀಯ ನ್ಯಾಯಾಧಿಕಾರಿಯಾಗಿ, ಓದು ಬಲ್ಲವನಾಗಿ, ಮನೆತನದ ಲಾಂಛನವನ್ನು ಗೋಡೆಗೆ ತೂಗುಹಾಕಿ ಹೆಮ್ಮೆಪಡುವವನಾಗಿ ಊರಿನಲ್ಲಿ ಗೌರವ ಪಡೆದಿದ್ದ ಆತ ಮದುವೆಯಾಗಲಿಲ್ಲ. ಅವನ ಸೋದರಿ ಜೆರೂಷಾ ಕೂಡ ಅವಿವಾಹಿತಳಾಗಿ 1842ರಲ್ಲಿ ತೀರಿಕೊಂಡಳು. ಕಡಲಾಚೆಗೆ ಹೋದ ಪ್ರಿಯನಿಗಾಗಿ ಕಾದು ಕೊರಗಿದಳೆಂಬ ಕಥೆಯೂ, ಅವಳ ಸುಳಿವು ಇಂದಿಗೂ ಕೆಲವು ಕೋಣೆಗಳಲ್ಲಿ ಕಾಣುತ್ತದೆಂಬ ನಂಬಿಕೆಯೂ ಬಳಿಕ ಬೆಳೆದವು. ಲೈಮನ್ 1861ರಲ್ಲಿ ಸತ್ತಾಗ ಮನೆಯನ್ನು ನಡೆಸಲು ನೇರ ವಾರಸುದಾರರು ಉಳಿಯಲಿಲ್ಲ. ಆಸ್ತಿ ದೂರದ ಬಂಧುಗಳಿಗೆ ಸೇರಿ, ಬಾಡಿಗೆಗೆ ಹೋಗಿ, ವಸತಿಗೃಹವಾಗಿ ಮುಚ್ಚಿಕೊಂಡಿತು. ಆದರೂ ಬಾಡಿಗೆಗಿದ್ದವರು ಹೊಲ ಉಳುತ್ತಿದ್ದರು, ನೃತ್ಯಶಾಲೆ ಆಗಾಗ್ಗೆ ತೆರೆಯುತ್ತಿತ್ತು. ಇಂಥ ಕಾಲದಲ್ಲಿ ನ್ಯೂ ಇಂಗ್ಲೆಂಡಿನ ಅದೆಷ್ಟೋ ಹಳೆಯ ವಸತಿಗೃಹಗಳು ಹೇಳಹೆಸರಿಲ್ಲದಂತೆ ಕುಸಿದವು. ಇದು ಉಳಿದುದು ಅದರೊಳಗಿನ ಒಕ್ಕಲುಮನೆ ಸತ್ತಿರಲಿಲ್ಲವಾದ್ದರಿಂದ.

ಮನೆ ಮುಚ್ಚಿದ ಮರುವರ್ಷವೇ ಅದರ ಎರಡನೆಯ ಬಾಳಿಗೆ ಕಾರಣನಾದವನು ಬಂದನು. ಲಾಂಗ್‌ಫೆಲೋ ಆಗ ಅಮೆರಿಕದ ಅತ್ಯಂತ ಜನಪ್ರಿಯ ಕವಿ. ಕೇಂಬ್ರಿಜ್ ಊರಿನ ತನ್ನ ಮನೆಯಲ್ಲಿ 1861ರ ಜುಲೈಯಲ್ಲಿ ಉಡುಪಿಗೆ ಬೆಂಕಿ ಹತ್ತಿ ಹೆಂಡತಿ ಫ್ಯಾನಿ ತೀರಿಹೋದ ದುಃಖದಿಂದ ಆತ ಇನ್ನೂ ಮೇಲೆದ್ದಿರಲಿಲ್ಲ. 1862ರ ಶರತ್ಕಾಲದಲ್ಲಿ ಪ್ರಕಾಶಕ ಮಿತ್ರ ಜೇಮ್ಸ್ ಫೀಲ್ಡ್ಸ್‌ನೊಡನೆ ಸಡ್‌ಬರಿಗೆ ಬಂದು ಹಳೆಯ ಮನೆಯನ್ನು ನೋಡಿಹೋದ ಆತ, ಬಿಡಿಬಿಡಿಯಾಗಿ ಬರೆದಿದ್ದ ಮತ್ತು ಬರೆಯಬೇಕೆಂದಿದ್ದ ಕಥನಕವನಗಳನ್ನು ಒಂದೇ ಸೂರಿನಡಿ ಕೂಡಿಸುವ ಉಪಾಯವನ್ನು ಅಲ್ಲಿ ಕಂಡುಕೊಂಡನು. 1863ರಲ್ಲಿ ಪ್ರಕಟವಾದ ‘ಟೇಲ್ಸ್ ಆಫ್ ಎ ವೇಸೈಡ್ ಇನ್’ ಎಂಬ ಆ ಕೃತಿಯ ಹಂದರ ಸರಳವಾದುದು: ದಾರಿಬದಿಯ ವಸತಿಗೃಹದ ಬೆಂಕಿಯ ಮುಂದೆ ಸೇರಿದ ಏಳು ಮಂದಿ ಒಬ್ಬರಾದ ಮೇಲೊಬ್ಬರು ಕಥೆ ಹೇಳುತ್ತಾರೆ. ಕಥೆಯೊಳಗೆ ಕಥೆ ಹೊಸೆಯುವ ಈ ತಂತ್ರ ಯೂರೋಪಿನಲ್ಲಿ ಬೊಕಾಚಿಯೊ ಮತ್ತು ಚಾಸರ್‌ರಿಂದ ಪ್ರಸಿದ್ಧವಾದುದು, ಪಂಚತಂತ್ರವನ್ನು ಬಲ್ಲ ಕನ್ನಡ ಓದುಗರಿಗೂ ಹೊಸದಲ್ಲ. ಲಾಂಗ್‌ಫೆಲೋ ಮೊದಲು ಊರಿನ ಹೆಸರನ್ನೇ ಕೃತಿಗೆ ಇಡಬೇಕೆಂದುಕೊಂಡು, ಚಾಸರನ ಕ್ಯಾಂಟರ್‌ಬರಿ ಕಥೆಗಳ ಹೆಸರಿಗೆ ತೀರ ಹತ್ತಿರವಾಗುವುದೆಂದು ಬಿಟ್ಟನು.

ಏಳು ಕಥೆಗಾರರ ಹಿಂದೆ ನಿಜವಾದ ವ್ಯಕ್ತಿಗಳಿದ್ದಾರೆ. ಮನೆಯೊಡೆಯನ ಪಾತ್ರಕ್ಕೆ ಲೈಮನ್ ಹೌ, ಸಂಗೀತಗಾರನಿಗೆ ನಾರ್ವೆಯ ಪಿಟೀಲುವಾದಕ ಓಲೆ ಬುಲ್, ಸಿಸಿಲಿಯವನಿಗೆ ಲುಯಿಜಿ ಮೊಂಟಿ, ಕವಿಗೆ ದಾಂಟೆಯ ಅನುವಾದಕ ಥಾಮಸ್ ವಿಲಿಯಮ್ ಪಾರ್ಸನ್ಸ್ ಮಾದರಿಯಾದರು. ವಿದ್ಯಾರ್ಥಿ, ಧರ್ಮಶಾಸ್ತ್ರಜ್ಞ ಮತ್ತು ಸ್ಪೇನಿನ ಯೆಹೂದಿ ಉಳಿದ ಮೂವರು. ಇವರೆಲ್ಲ ಒಂದೇ ರಾತ್ರಿ ಸಡ್‌ಬರಿಯಲ್ಲಿ ಕಲೆತದ್ದಿಲ್ಲ, ಕವಿ ಕಾವ್ಯ ಬರೆಯುವ ವೇಳೆಗೆ ಲೈಮನ್ ಬದುಕಿಯೂ ಇರಲಿಲ್ಲ; ಆದರೆ ಪಾರ್ಸನ್ಸ್, ಮೊಂಟಿ ಮೊದಲಾದವರು ಬೇಸಗೆಯ ದಿನಗಳನ್ನು ಅಲ್ಲಿ ಕಳೆದವರಾದ್ದರಿಂದ ಕಲ್ಪನೆಗೆ ನೆಲವಿತ್ತು. ಮನೆಯೊಡೆಯ ಹೇಳುವ ಮೊದಲ ಕಥೆ ಪಾಲ್ ರೆವೀರ್‌ನ ಕುದುರೆ ಸವಾರಿಯದು. 1775ರ ಏಪ್ರಿಲ್ 18ರ ರಾತ್ರಿ ಬ್ರಿಟಿಷ್ ಸೈನ್ಯದ ಬರವನ್ನು ಸಾರಲು ಹೊರಟವನ ಈ ಕಥೆ, ಮರುದಿನ ಕಾಂಕರ್ಡ್‌ಗೆ ನಡೆದ ಎಜೀಕಿಯೆಲ್‌ನ ವಂಶಜನ ಬಾಯಲ್ಲಿ ಬಂದಿರುವುದು ತುಂಬ ಉಚಿತವಾಗಿದೆ. ಕವನ ಮಾತ್ರ ಅದಕ್ಕೂ ಮೊದಲು, 1861ರ ಜನವರಿಯ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ಬೆಳಕು ಕಂಡಿತ್ತು. ಕೃತಿಗೆ ಮುಂದೆ 1870ರ ದಶಕದಲ್ಲಿ ಇನ್ನೆರಡು ಭಾಗಗಳು ಸೇರಿದವು. ಕಾಂಕರ್ಡ್‌ನಲ್ಲಿ ಕಾದಂಬರಿಕಾರ ನಥಾನಿಯೆಲ್ ಹಾಥಾರ್ನ್ ವಾಸವಾಗಿದ್ದ ‘ದಿ ವೇಸೈಡ್’ ಎಂಬ ಮನೆಗೂ ಇದಕ್ಕೂ ಸಂಬಂಧವಿಲ್ಲ; ಹೆಸರಿನ ಸಾಮ್ಯದಿಂದ ಇವೆರಡನ್ನು ಬೆರೆಸುವುದುಂಟು.

ಕಾವ್ಯದ ಪ್ರಸಿದ್ಧಿಯಿಂದ ಮುಚ್ಚಿದ ಮನೆಯನ್ನೂ ಹುಡುಕಿಕೊಂಡು ಓದುಗರು ಬರತೊಡಗಿದರು. ಈ ಭಕ್ತಿಯನ್ನು ಜೀವನೋಪಾಯವಾಗಿಸಿದವನು ಉಣ್ಣೆಯ ವರ್ತಕನೂ ಪುರಾತನ ವಸ್ತುಗಳ ಪ್ರೇಮಿಯೂ ಆದ ಎಡ್ವರ್ಡ್ ರಿವರ್ಸ್ ಲೆಮನ್. 1897ರಲ್ಲಿ ಮನೆಯನ್ನು ಕೊಂಡು, ದುರಸ್ತಿಪಡಿಸಿ, ಹಳೆಯ ಪೀಠೋಪಕರಣಗಳಿಂದ ತುಂಬಿಸಿ, ‘ಲಾಂಗ್‌ಫೆಲೋನ ವೇಸೈಡ್ ಇನ್’ ಎಂಬ ಹೆಸರಿನಲ್ಲಿ ಮತ್ತೆ ತೆರೆದ ಆತ, ತನ್ನ ಹೆಂಡತಿ ಕೋರಾಳೊಡನೆ ಅದನ್ನು ಸಾಹಿತ್ಯಪ್ರಿಯರ ಮತ್ತು ಕಲಾವಿದರ ತಂಗುದಾಣವಾಗಿ ನಡೆಸಿದನು. ಇಲ್ಲಿಂದ ಮುಂದೆ ಮನೆ ತನ್ನ ಚರಿತ್ರೆಯನ್ನೇ ಅತಿಥಿಗಳಿಗೆ ಬಡಿಸತೊಡಗಿತೆನ್ನಬಹುದು. ರಾತ್ರಿ ತಂಗಲೇಬೇಕಾದ ಪ್ರಯಾಣಿಕನ ಬದಲು, ತಂಗುವುದಕ್ಕೆಂದೇ ಪ್ರಯಾಣ ಮಾಡುವವನು ಬಂದನು. ಪ್ರವಾಸೋದ್ಯಮವೆಂದು ಇಂದು ಕರೆಯುವ ವ್ಯವಹಾರ ಹಳೆಯ ವಸತಿಗೃಹಗಳಿಗೆ ಹೊಸ ಅರ್ಥ ಕೊಟ್ಟ ಬಗೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಲೆಮನ್ 1919ರಲ್ಲಿ ತೀರಿಕೊಂಡನು.

ಕೋರಾ ಲೆಮನ್‌ಳಿಂದ 1923ರಲ್ಲಿ ಮನೆಯನ್ನು ಕೊಂಡವನು ಹೆನ್ರಿ ಫೋರ್ಡ್. ಕುದುರೆಬಂಡಿಯ ಲೋಕವನ್ನು ಅಳಿಸಿಹಾಕುವಲ್ಲಿ ಯಾರಿಗಿಂತಲೂ ಹೆಚ್ಚಿನ ಪಾತ್ರ ವಹಿಸಿದ್ದ, ಪುಸ್ತಕಗಳ ಇತಿಹಾಸವನ್ನು 1916ರ ಸಂದರ್ಶನವೊಂದರಲ್ಲಿ ತಳ್ಳಿಹಾಕಿದ್ದ ಈ ಉದ್ಯಮಿ, ಕುದುರೆಬಂಡಿಯ ಕಾಲದ ವಸತಿಗೃಹವೊಂದನ್ನು ಕಾಪಾಡಲು ಮುಂದಾದುದು ವಿರೋಧಾಭಾಸದಂತೆ ಕಂಡರೂ ಅದರ ಹಿಂದೆ ಒಂದು ನಿಲುವಿತ್ತು. ರಾಜರ ಮತ್ತು ಯುದ್ಧಗಳ ವೃತ್ತಾಂತಕ್ಕಿಂತ ನೇಗಿಲು, ಒಲೆ, ಗಿರಣಿ, ಗಾಡಿಗಳೇ ಜನರ ನಿಜವಾದ ಚರಿತ್ರೆ ಹೇಳುತ್ತವೆಂದು ಮಿಷಿಗನ್ ರಾಜ್ಯದ ಒಕ್ಕಲುಮನೆಯಲ್ಲಿ ಹುಟ್ಟಿ ಬೆಳೆದ ಫೋರ್ಡ್ ನಂಬಿದ್ದನು. ಆದ್ದರಿಂದ ಮನೆಯೊಂದನ್ನೇ ಕೊಂಡು ಸುಮ್ಮನಾಗದೆ, ಸುತ್ತಲಿನ ಹೊಲಗಳನ್ನು ಒಂದೊಂದಾಗಿ ಖರೀದಿಸುತ್ತ ಸುಮಾರು 3,000 ಎಕರೆಯ ಒಡೆಯನಾದನು. ಮನೆಯ ಅಡುಗೆಗೆ ಬೇಕಾದ ತರಕಾರಿ, ಹಾಲು, ಮಾಂಸಗಳನ್ನು ಮತ್ತೆ ಅದರದೇ ನೆಲದಲ್ಲಿ ಬೆಳೆಸುವ ಏರ್ಪಾಡು ಮಾಡಿದನು. ಡೇವಿಡ್ ಹೌಗೆ ಅನಿವಾರ್ಯವಾಗಿದ್ದುದನ್ನು ಎರಡು ಶತಮಾನಗಳ ಬಳಿಕ ಫೋರ್ಡ್ ಆದರ್ಶವಾಗಿ ಆರಿಸಿಕೊಂಡನು.

ಫೋರ್ಡ್ ಸೇರಿಸಿದ ಕಟ್ಟಡಗಳಲ್ಲಿ ಮೂರು ಇಂದಿಗೂ ಸಂದರ್ಶಕರನ್ನು ಸೆಳೆಯುತ್ತವೆ. 1926ರಲ್ಲಿ ಸ್ಟರ್ಲಿಂಗ್ ಎಂಬ ಊರಿನಿಂದ ಬಿಚ್ಚಿ ತಂದು ಮರುಜೋಡಿಸಿದ ರೆಡ್‌ಸ್ಟೋನ್ ಶಾಲೆ ಒಂದು. ಮೇರಿ ಮತ್ತು ಅವಳ ಕುರಿಮರಿಯನ್ನು ಕುರಿತ, ಭಾರತದ ಶಿಶುವಿಹಾರಗಳಲ್ಲಿಯೂ ಮಕ್ಕಳು ಹಾಡುವ ಇಂಗ್ಲಿಷ್ ಶಿಶುಗೀತೆಗೆ ಮೂಲವಾದ ಘಟನೆ ನಡೆದದ್ದು ಇಲ್ಲಿಯೇ ಎಂದು ಫೋರ್ಡ್ ನಂಬಿದ್ದನು. ಗೀತೆಯನ್ನು 1830ರಲ್ಲಿ ಸಾರಾ ಜೋಸೆಫಾ ಹೇಲ್ ಪ್ರಕಟಿಸಿದ್ದು, ಸ್ಟರ್ಲಿಂಗ್‌ನ ಹಕ್ಕುದಾರಿಕೆ ಬಹುಕಾಲ ವಾದಕ್ಕೆ ಗುರಿಯಾಗಿದೆ. ಆದರೆ ಈ ಕಟ್ಟಡದಲ್ಲಿ 1951ರ ವರೆಗೂ ನಿಜವಾದ ಮಕ್ಕಳು ನಿಜವಾದ ಪಾಠ ಕಲಿತರೆಂಬುದರಲ್ಲಿ ವಿವಾದವಿಲ್ಲ. ಎರಡನೆಯದು 1929ರಲ್ಲಿ ಪೂರ್ತಿಯಾದ ಕಲ್ಲಿನ ಹಿಟ್ಟಿನ ಗಿರಣಿ; ತೊರೆಯ ನೀರನ್ನು ಮೇಲಿನಿಂದ ಚಕ್ರದ ಮೇಲೆ ಬೀಳಿಸಿ, ಅದರ ತಿರುಗಾಟವನ್ನು ಹಲ್ಲುಗಾಲಿಗಳ ಮೂಲಕ ಬೀಸುಕಲ್ಲಿಗೆ ಮುಟ್ಟಿಸುವ ಹಳೆಯ ತಂತ್ರದಿಂದ ಅದು ನಡೆಯುತ್ತದೆ. ಹಳೆಯದರಂತೆ ಕಂಡರೂ ಇದು ಫೋರ್ಡ್ ಹೊಸದಾಗಿ ಕಟ್ಟಿಸಿದುದು. ಮೂರನೆಯದು, 1938ರ ಸೆಪ್ಟೆಂಬರಿನ ಭಾರಿ ಚಂಡಮಾರುತ ಕೆಡವಿದ ಮರಗಳ ದಿಮ್ಮಿಗಳನ್ನೇ ಕೊಯ್ದು ಬಳಸಿ 1940ರಲ್ಲಿ ಮುಗಿಸಿದ ಮಾರ್ಥಾ ಮೇರಿ ಪ್ರಾರ್ಥನಾಮಂದಿರ. ಮೇರಿ ಫೋರ್ಡ್‌ನ ತಾಯಿ, ಮಾರ್ಥಾ ಅವನ ಅತ್ತೆ. ಇವಲ್ಲದೆ 1928ರಿಂದ 1947ರ ವರೆಗೆ, ಸರ್ಕಾರದ ಪಾಲನೆಯಲ್ಲಿದ್ದ ಹುಡುಗರಿಗೆ ಓದಿನ ಜೊತೆಗೆ ಬೇಸಾಯವನ್ನೂ ಕೈಗಸುಬುಗಳನ್ನೂ ಕಲಿಸುವ ವಸತಿಶಾಲೆಯೊಂದು ಇದೇ ನೆಲದಲ್ಲಿ ನಡೆಯಿತು.

ಮೋಟಾರುಗಳ ದಟ್ಟಣೆ ಮನೆಯ ಬಾಗಿಲಿಗೇ ಬಂದಾಗ, ಅದರ ಅದುರಿನಿಂದ ಹಳೆಯ ಚೌಕಟ್ಟು ಸಡಿಲವಾದೀತೆಂದು ಮುಖ್ಯ ಹೆದ್ದಾರಿಯನ್ನು ದೂರಕ್ಕೆ ತಿರುಗಿಸುವ ಹೊಸ ರಸ್ತೆಯನ್ನೂ ಫೋರ್ಡ್ ತನ್ನ ಖರ್ಚಿನಲ್ಲಿ ಮಾಡಿಸಿದನು. ಹಳೆಯ ಅಂಚೆ ರಸ್ತೆಯ ಒಂದು ತುಣುಕು ಇಂದಿಗೂ ಮನೆಯ ಮುಂದೆ ಶಾಂತವಾಗಿ ಸಾಗುವುದಕ್ಕೆ ಇದೇ ಕಾರಣ. ಥಾಮಸ್ ಎಡಿಸನ್ ಮತ್ತು ಟೈರು ತಯಾರಕ ಹಾರ್ವೆ ಫೈರ್‌ಸ್ಟೋನ್ ಫೋರ್ಡ್‌ನ ಅತಿಥಿಗಳಾಗಿ ಇಲ್ಲಿಗೆ ಬಂದರು. ಬೆಂಜಮಿನ್ ಲವೆಟ್ ಎಂಬ ನೃತ್ಯಶಿಕ್ಷಕ ಇಲ್ಲಿಯೇ ಫೋರ್ಡ್‌ಗೆ ಪರಿಚಿತನಾಗಿ, ಮಿಷಿಗನ್ನಿನ ಡಿಯರ್‌ಬರ್ನ್‌ಗೆ ಹೋಗಿ, ಮರೆಯಾಗುತ್ತಿದ್ದ ಹಳೆಯ ಕೂಟನೃತ್ಯಗಳನ್ನು ಕಲಿಸಿದನು. ಫೋರ್ಡ್ 1929ರಲ್ಲಿ ಡಿಯರ್‌ಬರ್ನ್‌ನಲ್ಲಿ ಉದ್ಘಾಟಿಸಿದ ಗ್ರೀನ್‌ಫೀಲ್ಡ್ ವಿಲೇಜ್ ಎಂಬ ಬಯಲು ವಸ್ತುಸಂಗ್ರಹಾಲಯ ಅಮೆರಿಕದಲ್ಲಿ ಆ ಬಗೆಯ ಸಂಸ್ಥೆಗಳಿಗೆ ಮಾದರಿಯಾಯಿತು. ಅದರ ಮೊದಲ ಪ್ರಯೋಗ ನಡೆದದ್ದು ಸಡ್‌ಬರಿಯ ಈ ಹೊಲಗಳಲ್ಲಿ. ಫೋರ್ಡ್‌ನ ಕೆಲಸವನ್ನು ಇಂದಿನ ಸಂರಕ್ಷಣಾ ಶಾಸ್ತ್ರದ ಅಳತೆಯಿಂದ ನೋಡಿದರೆ ದೋಷಗಳು ಕಾಣುತ್ತವೆ. ಬೇರೆ ಊರಿನ ಕಟ್ಟಡವನ್ನು ಬುಡಸಹಿತ ಕಿತ್ತು ತರುವುದು, ಹೊಸದನ್ನು ಹಳೆಯದರಂತೆ ಕಟ್ಟುವುದು, ಕೊರತೆಯಿದ್ದಲ್ಲಿ ಊಹೆಯಿಂದ ತುಂಬುವುದು ಇಂದು ಒಪ್ಪತಕ್ಕ ವಿಧಾನಗಳಲ್ಲ. ಹಾಗಿದ್ದರೂ ಕಟ್ಟಡವನ್ನು ಅದರ ನೆಲದಿಂದ ಬೇರ್ಪಡಿಸಿ ಉಳಿಸಲಾಗದೆಂಬ ಅವನ ಅರಿವು, ಅಂದಿನ ಬಹುಪಾಲು ಸಂರಕ್ಷಕರಲ್ಲಿ ಇಲ್ಲದಿದ್ದುದು.

ಫೋರ್ಡ್ 1947ರಲ್ಲಿ ತೀರಿಕೊಳ್ಳುವುದಕ್ಕೆ ಮುಂಚೆಯೇ ಆಸ್ತಿಯನ್ನು ಲಾಭೋದ್ದೇಶವಿಲ್ಲದ ಸಂಸ್ಥೆಯೊಂದಕ್ಕೆ ವಹಿಸಲಾಗಿತ್ತು. ಅವನ ನಂತರ ಸುತ್ತಲಿನ ನೆಲದ ಬಹುಭಾಗ ಕೈಬಿಟ್ಟು, ಕೊನೆಗೆ ನೂರಕ್ಕೂ ಹೆಚ್ಚು ಎಕರೆಯಷ್ಟು ಉಳಿಯಿತು. 1955ರ ಡಿಸೆಂಬರಿನ ಒಂದು ರಾತ್ರಿ ಬೆಂಕಿ ಹೊತ್ತಿ ಕಟ್ಟಡದ ಬಹಳಷ್ಟು ಭಾಗ ನಾಶವಾಯಿತು. ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಮರುನಿರ್ಮಾಣ ನಡೆದು 1958ರಲ್ಲಿ ಮನೆ ಮತ್ತೆ ತೆರೆಯಿತು. ಅದಾದ ಕೆಲವು ವರ್ಷಗಳಲ್ಲಿ ಆಡಳಿತ ಸ್ಥಳೀಯ ಧರ್ಮದರ್ಶಿಗಳ ಮಂಡಲಿಗೆ ಬಂದಿತು. 1973ರಲ್ಲಿ ವಸತಿಗೃಹ ಮತ್ತು ಅದರ ಪರಿಸರ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು.

ದೇಶದಲ್ಲಿ ಈಗಲೂ ನಡೆಯುತ್ತಿರುವ ಅತ್ಯಂತ ಹಳೆಯ ವಸತಿಗೃಹ ಇದೇ ಎಂಬ ಮಾತು ವ್ಯಾಪಕವಾಗಿ ಪ್ರಚಾರದಲ್ಲಿದೆ. ಪರವಾನಗಿಯ ವರ್ಷವನ್ನು ಮಾತ್ರ ನೋಡಿದರೆ ಈ ಮಾತಿಗೆ ಆಧಾರವಿದೆ. 1861ರಿಂದ 1897ರ ವರೆಗಿನ ಬಿಡುವನ್ನೂ, 1955ರ ಬೆಂಕಿಯ ನಂತರ ಹೊಸ ಮರದಿಂದ ಕಟ್ಟಿದ ಭಾಗಗಳನ್ನೂ ಲೆಕ್ಕಕ್ಕೆ ತಂದುಕೊಂಡರೆ ‘ನಿರಂತರ’, ‘ಮೂಲ’ ಎಂಬ ವಿಶೇಷಣಗಳನ್ನು ಬಳಸುವಾಗ ಹಿಂಜರಿಯಬೇಕಾಗುತ್ತದೆ. ಆ ನಡುವಿನ 36 ವರ್ಷಗಳನ್ನು ಖಾಲಿ ಅವಧಿಯೆಂದು ಹಾರಿಸಿಬಿಡುವ ಪ್ರಚಾರಸಾಹಿತ್ಯ, ಮನೆಯನ್ನು ಬೀಳದಂತೆ ನೋಡಿಕೊಂಡ ಹೆಸರಿಲ್ಲದ ಗೇಣಿದಾರರಿಗೆ ಅನ್ಯಾಯ ಮಾಡುತ್ತದೆ. ಕವಿ ನೋಡಿದ್ದು ಅವರ ಮನೆಯನ್ನು; ಲೆಮನ್ ಕೊಂಡದ್ದೂ ಅವರು ಉಳಿಸಿಕೊಟ್ಟದ್ದನ್ನೇ.

ಇಂದು ವಸತಿಗೃಹದಲ್ಲಿ ಹತ್ತು ಮಲಗುವ ಕೋಣೆಗಳಿದ್ದು, ಹಲವು ಊಟದ ಕೋಣೆಗಳಲ್ಲಿ ನ್ಯೂ ಇಂಗ್ಲೆಂಡಿನ ಸಾಂಪ್ರದಾಯಿಕ ಅಡುಗೆಯನ್ನು ಬಡಿಸುತ್ತಾರೆ. ಪ್ರಾರ್ಥನಾಮಂದಿರದಲ್ಲಿ ಮದುವೆಗಳು ನಡೆಯುತ್ತವೆ. ಕೋಣೆಗಳ ಮೇಜಿನ ಡ್ರಾಯರುಗಳಲ್ಲಿ, ತೊಲೆಗಳ ಸಂದುಗಳಲ್ಲಿ ಅತಿಥಿಗಳು ತಮ್ಮ ನಂತರ ಬರುವ ಅಪರಿಚಿತರಿಗೆಂದು ಚೀಟಿಗಳನ್ನು ಬರೆದು ಬಚ್ಚಿಟ್ಟು ಹೋಗುವ ರೂಢಿ ಬೆಳೆದುಬಂದಿದೆ. 1950 ಮತ್ತು 60ರ ದಶಕಗಳಲ್ಲಿ ಪೆಪರಿಜ್ ಫಾರ್ಮ್ ಎಂಬ ಬ್ರೆಡ್ ಕಂಪನಿಗೆ ಹಿಟ್ಟು ಬೀಸಿಕೊಡುತ್ತಿದ್ದ ಗಿರಣಿ ಈಗಲೂ ತಿರುಗುತ್ತದೆ. ಅದರಲ್ಲಿ ಬೀಸಿದ ಗೋಧಿ ಮತ್ತು ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದ ರೊಟ್ಟಿ ಮತ್ತು ಮಫಿನ್‌ಗಳು ನೂರಾರು ಹೆಜ್ಜೆಗಳಾಚೆಯ ಊಟದ ಕೋಣೆಗೆ ಬರುತ್ತವೆ.